ಆರನೆಯ ಗಣದಲ್ಲಿ ಕೂತ ಕಲಿ

ಒಂದು ಪದ್ಯ ಬಹಳ ಪ್ರಸಿದ್ಧವಾಯಿತೆಂದರೆ ಅದಕ್ಕೆ ಒಂದು ಅಪಾಯ ಕಾದಿರುತ್ತದೆ. ಜನ ಅದನ್ನು ಓದುವುದನ್ನು ಬಿಟ್ಟು ಬಳಸಲು ತೊಡಗುತ್ತಾರೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನಕ್ಕೆ ಆಗಿರುವುದು ಇದೇ. ಸಾಧುವಿಗೆ ಸಾಧುವಾಗಿ, ಸವಿಯಾದವನಿಗೆ ಸವಿಯಾಗಿ ಇದ್ದನೆಂದು ಹೇಳುವ ಅದರ ಒಂದು ಪದ್ಯ ಕನ್ನಡ ಬಲ್ಲವರಿಗೆಲ್ಲ ಗೊತ್ತು. ಭಾಷಣದಲ್ಲಿ ಅದು ಬರುತ್ತದೆ, ಸ್ಮರಣಸಂಚಿಕೆಯಲ್ಲಿ ಬರುತ್ತದೆ. ‘ನಾವು ಕನ್ನಡಿಗರು ಒಳ್ಳೆಯವರಿಗೆ ಒಳ್ಳೆಯವರು, ಕೆಟ್ಟವರಿಗೆ ಕೆಟ್ಟವರು’ ಎಂದು ತೋಳು ತಟ್ಟುವುದಕ್ಕೂ ಅದೇ ಬೇಕು. ಇಡೀ ಶಾಸನವನ್ನು ಓದಿದವರು ಅವರಲ್ಲಿ ಎಷ್ಟು ಜನ ಇದ್ದಾರೋ. ಕನ್ನಡ ಮೇಷ್ಟ್ರಾಗಿ ಮೂವತ್ತು ವರ್ಷ ಅದನ್ನು ಪಾಠ ಹೇಳಿದ ಮೇಲೆ, ಆ ಪದ್ಯ ಹೇಳುವುದು ಅದಲ್ಲ ಎಂಬುದು ನನ್ನ ನಂಬಿಕೆ. ಅದು ಏನು ಹೇಳುತ್ತದೆಂದು ತಿಳಿಯುವುದಕ್ಕೆ ಅದರ ಛಂದಸ್ಸನ್ನೇ ಕೇಳಬೇಕು. ಮಾತು ಮರೆಸಿದ್ದನ್ನು ಕೆಲವು ಸಲ ಮಟ್ಟು ನೆನಪಿಟ್ಟಿರುತ್ತದೆ.

ಮೊದಲು ಶಾಸನದ ಸಂಗತಿ. ಬಾದಾಮಿಯ ಅಗಸ್ತ್ಯತೀರ್ಥವೆಂಬ ಕೆರೆಯ ಈಶಾನ್ಯಕ್ಕೆ, ತಟ್ಟುಕೋಟಿಯ ಹತ್ತಿರ, ಕೆಂಪು ಬಂಡೆಯ ಮೇಲೆ ಹತ್ತು ಸಾಲಿನಲ್ಲಿ ಇದನ್ನು ಕೊರೆದಿದ್ದಾರೆ. ಇದರಲ್ಲಿ ಶಕವರ್ಷವಿಲ್ಲ, ರಾಜನ ಹೆಸರಿಲ್ಲ. ಯಾರಿಗೂ ಭೂಮಿ ಕೊಟ್ಟ ಮಾತಿಲ್ಲ, ಯಾವ ಗುಡಿಗೂ ದತ್ತಿ ಬಿಟ್ಟ ಮಾತಿಲ್ಲ. ಅಕ್ಷರದ ರೂಪ ನೋಡಿ ಸುಮಾರು ಕ್ರಿ.ಶ. 700ರದೆಂದು ವಿದ್ವಾಂಸರು ಕಾಲ ನಿಶ್ಚಯಿಸಿದ್ದಾರೆ. ಅಂದರೆ ಚಾಲುಕ್ಯ ವಿಜಯಾದಿತ್ಯ ಬಾದಾಮಿಯನ್ನು ಆಳುತ್ತಿದ್ದ ಕಾಲ. ಫ್ಲೀಟ್ ಸಾಹೇಬರು 1881ರಲ್ಲಿ ‘ಇಂಡಿಯನ್ ಆ್ಯಂಟಿಕ್ವೆರಿ’ಯಲ್ಲಿ ಇದನ್ನು ಪ್ರಕಟಿಸಿದರು. ಮುಂಬಯಿ ಸರಕಾರದ ಆ ಅಧಿಕಾರಿ ನಮ್ಮ ಬಂಡೆಗಳನ್ನು ಓದುತ್ತ ಅಲೆಯದೆ ಇದ್ದಿದ್ದರೆ ಅರಭಟ್ಟನ ಹೆಸರು ನಮ್ಮ ಪಠ್ಯಪುಸ್ತಕಕ್ಕೆ ಇನ್ನೆಷ್ಟು ತಡವಾಗಿ ಬರುತ್ತಿತ್ತೋ.

ಹತ್ತು ಸಾಲಿನಲ್ಲಿ ಐದು ಪದ್ಯಗಳಿವೆ. ಮೊದಲನೆಯದು ಅರಭಟ್ಟನ ಹೆಸರು ಹೇಳಿ, ಅವನು ಶಿಷ್ಟರಿಗೆ ಬೇಕಾದವನು, ದುಷ್ಟರನ್ನು ದೂರವಿಟ್ಟವನು, ಕಲಿಯುಗ ವಿಪರೀತನೆಂಬ ಬಿರುದಿನವನು ಎಂದು ಪರಿಚಯ ಮಾಡಿಕೊಡುತ್ತದೆ. ಎರಡನೆಯದು ಸಂಸ್ಕೃತ ಶ್ಲೋಕ. ಉಳಿದ ಮೂರೂ ಕನ್ನಡ ತ್ರಿಪದಿಗಳು. ಆ ಮೂರರಲ್ಲಿ ಮೊದಲನೆಯದೇ ನಮ್ಮೆಲ್ಲರ ಬಾಯಲ್ಲಿರುವ ಪದ್ಯ. ನಮಗೆ ದೊರೆತಿರುವ ಅತ್ಯಂತ ಹಳೆಯ ತ್ರಿಪದಿ ಅದು.

ಈ ಕೊನೆಯ ಮಾತಿನ ತೂಕವನ್ನು ನಾವು ಸಾಕಷ್ಟು ಅಳೆದಿಲ್ಲ ಎಂದು ನನಗನಿಸುತ್ತದೆ. ಬಾದಾಮಿಯ ಸುತ್ತಮುತ್ತ ಸಂಸ್ಕೃತದ ದೊಡ್ಡ ಕವಿತೆ ಆಗಲೇ ಕಲ್ಲಿಗೆ ಬಂದಿತ್ತು. 634ರಲ್ಲಿ ಐಹೊಳೆಯಲ್ಲಿ ರವಿಕೀರ್ತಿ ಬರೆದ ಪುಲಿಕೇಶಿಯ ಪ್ರಶಸ್ತಿ ಅಂಥದು. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸಲ್ಲೇಖನದಿಂದ ಮುಡಿಪಿದ ಮುನಿಗಳ ನೆನಪಿಗೆ ಆ ಕಾಲಕ್ಕೇ ಕನ್ನಡ ಪದ್ಯ ಕೊರೆದಿದ್ದಾರೆ. ಆದರೆ ಅಲ್ಲಿ ಸಂಸ್ಕೃತದಿಂದ ತಂದ ಅಕ್ಷರವೃತ್ತಗಳಿವೆ. ತಟ್ಟುಕೋಟಿಯ ಕವಿಗೆ ಆ ವೃತ್ತಗಳ ಸಂಸ್ಕಾರ ಇರಲಿಲ್ಲವೆನ್ನಲು ಬರುವುದಿಲ್ಲ. ಶ್ಲೋಕ ಇಲ್ಲೇ, ಪಕ್ಕದಲ್ಲೇ ಇದೆ. ಆದರೂ ತನ್ನ ವೀರನನ್ನು ಕೊಂಡಾಡುವ ಗಳಿಗೆ ಬಂದಾಗ ಅವನು ಎತ್ತಿಕೊಂಡದ್ದು ಹಾಡಿನ ಮಟ್ಟನ್ನು.

ಆ ಮಟ್ಟು ನನಗೆ ಪುಸ್ತಕಕ್ಕಿಂತ ಮೊದಲು ಕಿವಿಗೆ ಬಿದ್ದದ್ದು. ನಮ್ಮ ಅಜ್ಜಿ ನಸುಕಿನಲ್ಲಿ ಎದ್ದು ಜೋಳ ಬೀಸುತ್ತಿದ್ದಳು. ಬೀಸುಕಲ್ಲಿನ ಗೂಟ ಹಿಡಿದು ಒಂದು ಸುತ್ತು ತಿರುಗಿಸುವುದರೊಳಗೆ ಒಂದು ಸಾಲು ಮುಗಿಯುತ್ತಿರಲಿಲ್ಲ, ಎರಡು ಸುತ್ತಿಗೆ ಸರಿಹೋಗುತ್ತಿತ್ತು. ಎರಡನೆಯ ಸಾಲು ಮುಗಿದ ಕೂಡಲೆ ಮೂರನೆಯದಕ್ಕೆ ಹೋಗದೆ, ಆ ಎರಡನೆಯದನ್ನೇ ಮತ್ತೊಮ್ಮೆ ಎಳೆದುಕೊಂಡು ಆಮೇಲೆ ಮೂರನೆಯದಕ್ಕೆ ಇಳಿಯುತ್ತಿದ್ದಳು. ಹೀಗೆ ಬರೆದಾಗ ಮೂರಾದ ಸಾಲು ಹಾಡಿದಾಗ ನಾಲ್ಕಾಗುತ್ತಿತ್ತು. ಎರಡನೆಯ ಸಾಲಿನ ತುದಿಯಲ್ಲಿ ‘ಹಡೆದವ್ವ’ ಎಂದೋ ‘ನನ ತಮ್ಮ’ ಎಂದೋ ಒಂದು ಕರೆ ಇರುತ್ತಿತ್ತು. ಅಲ್ಲಿ ದನಿ ಒಂದಿಷ್ಟು ನಿಂತು, ಹಿಂದಿನ ಸಾಲನ್ನೂ ಮುಂದಿನದನ್ನೂ ಎರಡು ಕೈಯಲ್ಲಿ ಹಿಡಿದಂತೆ ಕೇಳುತ್ತಿತ್ತು. ಹಲಸಂಗಿಯ ಗೆಳೆಯರು ಇಂಥ ಹಾಡುಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಮಾಡಿಸಿದರು. ಕಾಲೇಜಿನಲ್ಲಿ ಆ ಪುಸ್ತಕ ಓದುವಾಗ ನನಗೆ ಹೊಸ ಪುಸ್ತಕ ಓದಿದಂತಾಗಲಿಲ್ಲ, ನಮ್ಮ ಮನೆಯ ಪಡಸಾಲೆಗೆ ಮರಳಿದಂತಾಯಿತು.

ಈ ಮಟ್ಟಿನ ಲೆಕ್ಕ ಹೀಗಿದೆ. ತ್ರಿಪದಿ ಅಂಶಛಂದಸ್ಸಿನದು. ಕಂದದಂತೆ ಮಾತ್ರೆ ಎಣಿಸುವ ಹಾಗಿಲ್ಲ, ವೃತ್ತದಂತೆ ಅಕ್ಷರ ಎಣಿಸುವ ಹಾಗೂ ಇಲ್ಲ. ಗಣದ ಮೊದಲಲ್ಲಿ ಒಂದು ಗುರು ಬಂದರೆ ಒಂದು ಅಂಶ. ಗುರುವಿನ ಬದಲು ಎರಡು ಲಘು ಬಂದರೂ ಒಂದೇ ಅಂಶ. ಆಮೇಲೆ ಬರುವ ಅಕ್ಷರ ಲಘುವಾಗಲಿ ಗುರುವಾಗಲಿ ಒಂದೊಂದು ಅಂಶ. ಎರಡು ಅಂಶದ್ದು ಬ್ರಹ್ಮಗಣ, ಮೂರರದ್ದು ವಿಷ್ಣುಗಣ, ನಾಲ್ಕರದ್ದು ರುದ್ರಗಣ. ಎಳೆದರೆ ಬೆಳೆಯುವ, ಬಿಟ್ಟರೆ ಕುಗ್ಗುವ ಗಣಗಳಿವು. ಹಾಡುವ ಬಾಯಿಗೆ ಹೇಳಿ ಮಾಡಿಸಿದವು. ತ್ರಿಪದಿಯಲ್ಲಿ ಒಟ್ಟು ಹನ್ನೊಂದು ಗಣ: ಮೊದಲ ಸಾಲಿನಲ್ಲಿ ನಾಲ್ಕು, ಎರಡನೆಯದರಲ್ಲಿ ನಾಲ್ಕು, ಮೂರನೆಯದರಲ್ಲಿ ಮೂರು. ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದ ಒಂಬತ್ತೂ ವಿಷ್ಣುಗಣ. ಮೂರರ ನಡಿಗೆಯಲ್ಲಿ ಹೊರಟವನು ಎರಡು ಕಡೆ ಗಿಡ್ಡ ಹೆಜ್ಜೆ ಇಟ್ಟ ಹಾಗೆ. ನಾಗವರ್ಮ ‘ಛಂದೋಂಬುಧಿ’ಯಲ್ಲಿ ಇದನ್ನು ಕನ್ನಡದ್ದೇ ಆದ ಬಂಧಗಳ ಜೊತೆಗೆ ಸೇರಿಸಿ ಲಕ್ಷಣ ಹೇಳಿದ್ದು ಸುಮಾರು 990ರಲ್ಲಿ.

700ರ ಬಂಡೆ, 990ರ ಲಕ್ಷಣಗ್ರಂಥ. ನಡುವೆ ಮುನ್ನೂರು ವರ್ಷ. ಈಗ ಬಂಡೆಯ ಮೇಲಿನ ಪ್ರಸಿದ್ಧ ಪದ್ಯವನ್ನು ನಾಗವರ್ಮನ ತಕ್ಕಡಿಗೆ ಹಾಕಿ ನೋಡಿ. ಹನ್ನೊಂದು ಗಣವೂ ಕೂದಲೆಳೆಯ ವ್ಯತ್ಯಾಸವಿಲ್ಲದೆ ತೂಗುತ್ತವೆ. ಆರನೆಯದು ಬ್ರಹ್ಮ, ಹತ್ತನೆಯದು ಬ್ರಹ್ಮ. ಎರಡನೆಯ ಅಕ್ಷರದ ಪ್ರಾಸ ಮೂರೂ ಸಾಲಿಗೆ ‘ಧ’ಕಾರದಲ್ಲಿ ಕೂತಿದೆ. ಲಕ್ಷಣ ಬರೆಯುವವನು ಹುಟ್ಟುವ ಎಷ್ಟೋ ತಲೆಮಾರು ಮೊದಲೇ ಲಕ್ಷ್ಯ ಇಷ್ಟು ಪಕ್ವವಾಗಿತ್ತು. ಇಂಥ ಪಕ್ವತೆ ಒಬ್ಬ ಕವಿ ಒಂದು ಬೆಳಿಗ್ಗೆ ಕೂತು ಕಂಡುಹಿಡಿದದ್ದಾಗಿರಲಾರದು. ಈ ಮಟ್ಟು ಕಲ್ಲಿಗೆ ಬರುವ ಮೊದಲು ಬಹಳ ಕಾಲ ಬಾಯಲ್ಲಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆ ಹನ್ನೊಂದು ಗಣಗಳೇ ಸಾಕ್ಷಿ. ರಾಜರು ತಮ್ಮ ವಂಶಾವಳಿಯನ್ನು ಕೆತ್ತಿಸಿದರು. ಹಾಡಿದ ಜನರ ವಂಶಾವಳಿಯನ್ನು ಯಾರೂ ಕೆತ್ತಿಸಲಿಲ್ಲ. ಅವರ ಗುರುತು ಉಳಿದಿರುವುದು ಹೀಗೆ, ಯಾರೋ ಒಬ್ಬ ವೀರನ ಹೊಗಳಿಕೆಯ ಒಳಗೆ ಮಿಡಿಯುವ ಲಯವಾಗಿ.

ಇನ್ನು ಪದ್ಯದ ಒಳಗೆ ಹೋಗೋಣ. ಇದನ್ನು ಮೊದಲು ಸರಿಯಾಗಿ ಓದುವಂತೆ ನನ್ನನ್ನು ಒತ್ತಾಯ ಮಾಡಿದವನು ಒಬ್ಬ ಹುಡುಗ. ಬಿ.ಎ. ಎರಡನೆಯ ವರ್ಷದ ತರಗತಿ. ನಾನು ಎಲ್ಲರಂತೆ ಅರಭಟ್ಟನ ಗುಣವನ್ನು ಹೊಗಳಿ ಪಾಠ ಮುಗಿಸುತ್ತಿದ್ದೆ. ಹಿಂದಿನ ಬೆಂಚಿನಿಂದ ಅವನು ಎದ್ದು ನಿಂತು, “ಸರ, ಚಲೋ ಇದ್ದವರ ಜೋಡಿ ಚಲೋ ಇರೂದು ಏನ್ ದೊಡ್ಡ ಮಾತ್ರಿ? ನಮ್ಮೂರಾಗಿನ ಬಡ್ಡಿ ಸಾವಕಾರನೂ ಹಂಗ ಇರ್ತಾನ್ರಿ” ಎಂದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಪ್ರಶ್ನೆ ನಗುವಂಥದಾಗಿರಲಿಲ್ಲ. ಒಳ್ಳೆಯವರಿಗೆ ಒಳ್ಳೆಯತನ, ಕೆಟ್ಟವರಿಗೆ ಕೆಟ್ಟತನ ಎಂದರೆ ಅದು ಕೊಟ್ಟು ತೆಗೆದುಕೊಳ್ಳುವ ವ್ಯಾಪಾರ. ಅದನ್ನು ಬಂಡೆಯ ಮೇಲೆ ಕೊರೆಯುವಷ್ಟು ದೊಡ್ಡದು ಅದರಲ್ಲಿ ಏನಿದೆ? “ನಾಳೆ ಹೇಳತೀನಿ, ಕೂಡು” ಎಂದೆ. ಆ ರಾತ್ರಿ ಪದ್ಯವನ್ನು ಗಣ ಬಿಡಿಸಿ ಕಾಗದದ ಮೇಲೆ ಬರೆದುಕೊಂಡು ಕೂತೆ.

ಪದ್ಯದ ಮೊದಲ ಸಾಲು ಒಂದು ಕನ್ನಡಿ. ಒಂದು ಪದ, ಅದಕ್ಕೆ ಚತುರ್ಥಿ ವಿಭಕ್ತಿ, ಎದುರಿಗೆ ಅದೇ ಪದ. ಮತ್ತೆ ಇನ್ನೊಂದು ಪದ, ಅದಕ್ಕೂ ಚತುರ್ಥಿ, ಎದುರಿಗೆ ಅದೇ. ನೋಡಿದವನ ಮುಖವೇ ಅದರಲ್ಲಿ ತಿರುಗಿ ಕಾಣುತ್ತದೆ. ಎರಡು ಸಲ ಹೀಗಾದ ಮೇಲೆ ಕಿವಿ ಮೂರನೆಯದಕ್ಕೂ ಅದೇ ಅಚ್ಚನ್ನು ನಿರೀಕ್ಷಿಸುತ್ತದೆ. ಬಾಧಿಸುವ ಕಲಿ ಎದುರಿಗೆ ಬಂದಾಗ, ಲೆಕ್ಕದ ಪ್ರಕಾರ ಅವನಿಗೆ ಉತ್ತರವಾಗಿ ಬಾಧೆಯೋ ಕಲಿಯೋ ಬರಬೇಕು. ಬರುವುದಿಲ್ಲ. ಅಲ್ಲಿ ಬರುವುದು ಕಲಿಯುಗ ವಿಪರೀತ, ಅಂದರೆ ಕಲಿಯುಗಕ್ಕೆ ತಿರುಗಾಮುರುಗಾ ಆದವನು. ಕನ್ನಡಿ ಅಲ್ಲಿ ಒಡೆಯಿತು. ಸಾಧುವಿಗೆ ಅವನದೇ ಮುಖ ಸಿಕ್ಕಿತು, ಸವಿಯಾದವನಿಗೆ ಅವನದೇ ಮುಖ ಸಿಕ್ಕಿತು; ಕಲಿಗೆ ಮಾತ್ರ ತನ್ನ ಮುಖ ಸಿಕ್ಕಲಿಲ್ಲ. ಕೆಟ್ಟವನಿಗೆ ಕೆಟ್ಟವನೆಂದು ಪದ್ಯ ಹೇಳುವುದೇ ಇಲ್ಲ. ಕೆಟ್ಟದ್ದಕ್ಕೆ ಅವನು ಎದುರು ನಿಂತ, ಅದರ ಹಾಗೆ ಆಗಲಿಲ್ಲ ಎಂದು ಹೇಳುತ್ತದೆ. ಸಾವಕಾರನಿಗೂ ಅರಭಟ್ಟನಿಗೂ ಇರುವ ದೂರ ಇದು.

ಈ ತಿರುವು ಬರುವ ಜಾಗ ಯಾವುದು? ಎರಡನೆಯ ಸಾಲಿನ ಎರಡನೆಯ ಗಣ, ಅಂದರೆ ಒಟ್ಟಿನಲ್ಲಿ ಆರನೆಯದು. ಮೂರರ ನಡಿಗೆ ಮೊದಲ ಸಲ ಗಿಡ್ಡವಾಗುವ ಕಡೆ. ಆ ಗಿಡ್ಡ ಗಣದಲ್ಲಿ ಕೂತಿರುವ ಪದ ‘ಕಲಿಗೆ’. ಮೂರೂ ಲಘು. ಬ್ರಹ್ಮಗಣಕ್ಕೆ ನಾಲ್ಕು ರೂಪಗಳು ಸಾಧ್ಯ, ಅವುಗಳಲ್ಲಿ ಎಲ್ಲಕ್ಕಿಂತ ಹಗುರಾದದ್ದು ಇದೇ. ಹಾಡುವಾಗ ದನಿ ಇಲ್ಲಿ ಎಡವಿದಂತಾಗಿ ಚಕ್ಕನೆ ಮುಂದೆ ಹೋಗುತ್ತದೆ. ಎಂಟನೆಯ ಗಣದಲ್ಲಿ, ನಮ್ಮ ಅಜ್ಜಿ ಹಡೆದವ್ವನನ್ನು ಕರೆಯುತ್ತಿದ್ದ ಜಾಗದಲ್ಲಿ, ‘ವಿಪರೀತ’ ಎಂಬ ಪದ ಬಂದು ನಿಲ್ಲುತ್ತದೆ. ಹತ್ತನೆಯದು ಮತ್ತೆ ಗಿಡ್ಡ ಗಣ. ಅಲ್ಲಿ ಕೂತ ಪದ ‘ಈತ’. ಎರಡು ಗಿಡ್ಡ ಹೆಜ್ಜೆಗಳಲ್ಲಿ ಒಂದರ ಮೇಲೆ ಕಲಿ, ಇನ್ನೊಂದರ ಮೇಲೆ ಅವನಿಗೆ ಎದುರಾದ ಈ ಮನುಷ್ಯ.

ಇದು ಆಕಸ್ಮಿಕವಾಗಿದ್ದರೂ ಇರಬಹುದಲ್ಲ ಎಂದು ಓದುಗರು ಕೇಳಬಹುದು. ನಾನೂ ಹಾಗೇ ಕೇಳಿಕೊಂಡು ಉಳಿದೆರಡು ತ್ರಿಪದಿಗಳನ್ನು ಬಿಡಿಸಿದೆ. ಮುಂದಿನ ಪದ್ಯದ ಆರನೆಯ ಗಣ: ‘ಕಲಿಗೆ’. ಕೊನೆಯ ಪದ್ಯದ ಆರನೆಯ ಗಣ: ‘ಕಲಿಗೆ’. ಮೂರು ಪದ್ಯ, ಮೂರರಲ್ಲೂ ಅದೇ ಪದ, ಅದೇ ಮೆಟ್ಟಿಲು. ನಾಯಕನ ಬಿರುದನ್ನು ಎಲ್ಲಿ ಬೇಕಾದರೂ ತರಬಹುದಿತ್ತು. ಈ ಹೆಸರಿಲ್ಲದ ಕವಿ ಅದನ್ನು ಮೂರು ಸಲವೂ ಒಂದೇ ಗೂಟಕ್ಕೆ ಕಟ್ಟಿದ್ದಾನೆ. ‘ಕಲಿ’ ಎಂದರೆ ಕೆಟ್ಟ ಯುಗ, ‘ಕಲಿ’ ಎಂದರೆ ಶೂರ ಕೂಡ. ಕನ್ನಡದ ಕಿವಿಗೆ ಎರಡೂ ಕೇಳುತ್ತವೆ. ಹಾಡಿನ ಎಡವುವ ಜಾಗದಲ್ಲಿ ಈ ಎರಡರ್ಥದ ಪದವನ್ನಿಟ್ಟು ಮೂರು ಸಲ ತಟ್ಟಿದ್ದಾನೆ.

ಮೊದಲ ತ್ರಿಪದಿಯ ಪದಗಳನ್ನೂ ಎಣಿಸಿ ನೋಡಬೇಕು. ಹನ್ನೆರಡು ಪದಗಳಲ್ಲಿ ಒಂಬತ್ತು ಸಂಸ್ಕೃತದಿಂದ ಬಂದವು. ಆದರೆ ಓದಿದಾಗ ಸಂಸ್ಕೃತ ಓದಿದ ಹಾಗೆ ಅನ್ನಿಸುವುದಿಲ್ಲ. ಏಕೆಂದರೆ ಪ್ರತ್ಯಯ ಕನ್ನಡದ್ದು, ನಡಿಗೆ ಕನ್ನಡದ್ದು, ಪ್ರಾಸ ಕನ್ನಡದ್ದು. ಉಳಿದ ಮೂರು ಅಚ್ಚಗನ್ನಡ ಪದಗಳು ಕೊನೆಯ ಸಾಲಿನ ಕೊನೆಯಲ್ಲಿ ಒಟ್ಟಿಗೆ ಬರುತ್ತವೆ: ಇವನು ಮಾಧವನೇ, ಬೇರೆಯವನಲ್ಲ ಎಂದು ಮುಗಿಸುವಲ್ಲಿ. ದೇವರ ಹೆಸರನ್ನು ಸಂಸ್ಕೃತದಲ್ಲಿ ಹೇಳಿ, ಆಣೆಯನ್ನು ಮಾತ್ರ ತಾಯ್ನುಡಿಯಲ್ಲಿ ಇಟ್ಟಂತಿದೆ.

ಈಗ ಭಾವದ ಮಾತು. ಇದು ವೀರರಸದ ಕವಿತೆ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದುಂಟು. ನನಗೆ ಹಾಗೆ ಕೇಳಿಸುವುದಿಲ್ಲ. ನಡುವಿನ ತ್ರಿಪದಿಯನ್ನು ನೋಡಿ. ಒಳ್ಳೆಯದನ್ನಾಗಲಿ ಕೆಟ್ಟದ್ದನ್ನಾಗಲಿ ಮಾಡುವವರಾರು, ಹಿಂದೆ ಮಾಡಿದ್ದು ಇಲ್ಲಿ ಬಂದು ಕೂಡುತ್ತದೆ ಎಂಬುದು ಅದರ ಸಾರ. ಗೆದ್ದವನ ಗರ್ವದ ಮಾತಲ್ಲ ಇದು. ವಯಸ್ಸಾದವನು ಕಟ್ಟೆಯ ಮೇಲೆ ಕೂತು ಹೇಳುವ ಮಾತು. ಕೊನೆಯ ತ್ರಿಪದಿಯಲ್ಲಿ ಒಂದು ಸಿಂಹ ಬರುತ್ತದೆ. ಕಟ್ಟಿಹಾಕಿದ ಸಿಂಹವನ್ನು ‘ನಮಗೇನು ಕೆಡುಕಾದೀತು’ ಎಂದು ಬಿಟ್ಟರೆ ಹೇಗೋ ಹಾಗೆ, ಇವನ ಹಗೆಗಳು ಕೆಟ್ಟರು, ಸತ್ತರು. ಪ್ರಾಸ ಈಗ ಮೆತ್ತನೆಯ ‘ಧ’ ಅಲ್ಲ, ಕಲ್ಲಿಗೆ ಚಾಣ ಬಡಿದಂತಹ ‘ಟ್ಟ’. ಹತ್ತನೆಯ ಗಿಡ್ಡ ಗಣದಲ್ಲಿ, ಮೊದಲ ಪದ್ಯದಲ್ಲಿ ‘ಈತ’ ಇದ್ದ ಕಡೆ, ಇಲ್ಲಿ ಸತ್ತರೆಂಬ ಕ್ರಿಯಾಪದ ಬಿದ್ದಿದೆ. ಆದರೆ ವಾಕ್ಯದ ಕರ್ತೃ ಯಾರು ನೋಡಿ. ಕೊಂದನೆಂದು ಕವಿ ಬರೆದಿಲ್ಲ. ಹಗೆಗಳೇ ಕರ್ತೃ, ಬಿಚ್ಚಿದವರೂ ಅವರೇ, ಕೆಟ್ಟವರೂ ಅವರೇ. ಇಡೀ ವಾಕ್ಯದಲ್ಲಿ ಅರಭಟ್ಟ ಚತುರ್ಥಿ ವಿಭಕ್ತಿಯಲ್ಲಿ ಪಕ್ಕಕ್ಕೆ ನಿಂತಿದ್ದಾನೆ. ರಕ್ತದ ವರ್ಣನೆಯಿಲ್ಲ, ಕತ್ತಿಯ ಹೆಸರಿಲ್ಲ. ಭಯಂಕರವಾದದ್ದನ್ನು ತಗ್ಗಿದ ದನಿಯಲ್ಲಿ ಹೇಳುವ ಕವಿತೆ ಇದು.

ಆ ತಗ್ಗಿದ ದನಿಯ ಬೇರು ಎರಡನೆಯ ಪದ್ಯದಲ್ಲಿ, ಆ ಸಂಸ್ಕೃತ ಶ್ಲೋಕದಲ್ಲಿ ಇದೆ ಎಂದು ನನ್ನ ಅಭಿಪ್ರಾಯ. ಎಂಟೆಂಟು ಅಕ್ಷರದ ನಾಲ್ಕು ಪಾದ. ತೇಜಸ್ವಿಗೆ ಮಾನ ಮುರಿಯುವುದಕ್ಕಿಂತ ಸಾವೇ ಲೇಸು. ಸಾವಿನ ದುಃಖ ಆ ಕ್ಷಣದ್ದು, ಮಾನಭಂಗದ್ದು ದಿನದಿನದ್ದು ಎಂಬುದು ಅದರ ಅರ್ಥ. ಕಲಿಯುಗ ವಿಪರೀತನ ಕತೆಗೆ ಇದೇಕೆ ಬೇಕಾಯಿತೆಂದು ಶಾಸನ ಹೇಳುವುದಿಲ್ಲ. 642ರ ಸುಮಾರಿಗೆ ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಹಿಡಿದದ್ದು, 655ರ ಸುಮಾರಿಗೆ ಮೊದಲನೆಯ ವಿಕ್ರಮಾದಿತ್ಯ ಅದನ್ನು ಮರಳಿ ಪಡೆದದ್ದು ನಮಗೆ ಗೊತ್ತು. ಊರಿಗೆ ಆದ ಆ ಮಾನಭಂಗವನ್ನು ಈ ಶ್ಲೋಕಕ್ಕೆ ಗಂಟು ಹಾಕಲು ಮನಸ್ಸು ಎಳೆಯುತ್ತದೆ. ಆದರೆ ಬಂಡೆ ಹೇಳದ್ದನ್ನು ಬಂಡೆಯ ಬಾಯಿಗೆ ಹಾಕುವುದು ಇತಿಹಾಸವಾಗುವುದಿಲ್ಲ.

ಶ್ಲೋಕದ ಅರ್ಥವನ್ನು ನನಗೆ ಮುಟ್ಟಿಸಿದವರು ವಿದ್ವಾಂಸರಲ್ಲ, ನಮ್ಮ ದೊಡ್ಡಪ್ಪ. ಒಂದು ಬರಗಾಲದ ವರ್ಷ ಅವನು ಬಿತ್ತನೆಗೆಂದು ತೆಗೆದ ಸಾಲ ತೀರಲಿಲ್ಲ. ತಾಲೂಕಿನ ಒಂದು ಕಚೇರಿಯವರು ಬಂದು ಹಿತ್ತಾಳೆಯ ಕೊಡ, ತಾಮ್ರದ ಹಂಡೆ, ಅಜ್ಜಿಯ ಕಾಲದ ಒಂದು ತಪೇಲಿ ಎಲ್ಲವನ್ನೂ ಜಪ್ತಿ ಮಾಡಿ, ಅಗಸಿಯ ಮುಂದೆ ಹಾಸಿ, ಹೆಸರು ಕೂಗಿದರು. ಮರು ಸುಗ್ಗಿಗೆ ಅವನು ಸಾಲ ತೀರಿಸಿ ಎಲ್ಲವನ್ನೂ ಬಿಡಿಸಿಕೊಂಡು ಬಂದ. ಆಮೇಲೆ ಇಪ್ಪತ್ತೆರಡು ವರ್ಷ ಬದುಕಿದ. ಆ ಇಪ್ಪತ್ತೆರಡು ವರ್ಷವೂ ಹೊಲಕ್ಕೆ ಹೋಗುವಾಗ ಅಗಸಿಯ ದಾರಿ ಬಿಟ್ಟು, ಹಳ್ಳ ಬಳಸಿಕೊಂಡು, ಹೆಚ್ಚುಕಡಿಮೆ ಅರ್ಧ ಮೈಲಿ ಸುತ್ತು ಹಾಕಿ ಹೋಗುತ್ತಿದ್ದ. ಯಾರೂ ಅವನನ್ನು ಏಕೆಂದು ಕೇಳಲಿಲ್ಲ. ಒಮ್ಮೆ ರಜೆಯಲ್ಲಿ ಊರಿಗೆ ಹೋದಾಗ, ಪಾಠಕ್ಕೆಂದು ಒಯ್ದಿದ್ದ ಪುಸ್ತಕದಿಂದ ಈ ಶ್ಲೋಕದ ಅರ್ಥವನ್ನು ಅವನಿಗೆ ಓದಿ ಹೇಳಿದೆ. ಬೀಡಿ ಆರುವವರೆಗೆ ಸುಮ್ಮನಿದ್ದು, “ಬರದಾವ ಸಾಲ ಮಾಡಿದ್ದನೇನೋ, ತಮ್ಮಾ” ಎಂದ.

ಆ ಮಾತು ಕೇಳಿದ ಮೇಲೆ ಐದು ಪದ್ಯಗಳು ನನಗೆ ಒಂದೇ ಕವಿತೆಯಾಗಿ ಕೂಡಿಕೊಂಡವು. ಮೊದಲು ಹೆಸರು. ಆಮೇಲೆ ಮಾನಭಂಗದ ನೋವು, ಅದು ಓದಿದವರ ಭಾಷೆಯಲ್ಲಿ, ಸೂಕ್ತಿಯ ಗಾಂಭೀರ್ಯದಲ್ಲಿ. ಆ ನೋವನ್ನು ಬಲ್ಲವನು ಹೇಗೆ ಬದುಕುತ್ತಾನೆ ಎನ್ನುವುದು ಮುಂದಿನ ಮೂರು ತ್ರಿಪದಿಗಳಲ್ಲಿ, ಅದು ಹಾಡಿನ ಭಾಷೆಯಲ್ಲಿ. ಸಾಧುವಿನ ಮಾನಕ್ಕೆ ಕುಂದು ಬಾರದಂತೆ ಅವನಿಗೆ ಸಾಧುವಾಗಿ. ಕಲಿಯ ಎದುರಿಗೆ, ಕಲಿಯಂತಾಗದೆ, ವಿಪರೀತನಾಗಿ. ಮಾಡಿದ್ದು ಬಂದು ಕೂಡುತ್ತದೆಂಬ ಅರಿವಿನಲ್ಲಿ. ಕೊನೆಗೆ, ಕೆಣಕಿದರೆ ಉಳಿಗಾಲವಿಲ್ಲದ ಸಿಂಹವಾಗಿ. ಬರೀ ನಡುವಿನ ಒಂದು ಪದ್ಯವನ್ನು ಕಿತ್ತುಕೊಂಡರೆ ಉಳಿಯುವುದು ತೋಳು ತಟ್ಟುವ ಸದ್ದು. ಮಾನವನ್ನು ಇಷ್ಟು ಬಲ್ಲ ಕವಿತೆಯನ್ನು ಇನ್ನೊಬ್ಬರ ಮಾನ ಕಳೆಯಲು ಬಳಸುವುದು ಅದಕ್ಕೆ ಬಗೆಯುವ ಅಪಚಾರ.

ಮರುದಿನ ತರಗತಿಯಲ್ಲಿ ನಾನು ಆ ಹುಡುಗನನ್ನು ಎಬ್ಬಿಸಿ, ಕನ್ನಡಿ ಎಲ್ಲಿ ಒಡೆಯುತ್ತದೆಂದು ಬೋರ್ಡಿನ ಮೇಲೆ ಗಣ ಹಾಕಿ ತೋರಿಸಿದೆ. ಆಮೇಲೆ ಪದ್ಯವನ್ನು ಬೀಸುವ ಪದದ ಮಟ್ಟಿನಲ್ಲಿ, ಎರಡನೆಯ ಸಾಲನ್ನು ಎರಡು ಸಲ ಎಳೆದು, ಹೇಳಿದೆ. ಹುಡುಗಿಯರ ಸಾಲಿನಲ್ಲಿ ಇಬ್ಬರು ಮುಖ ಮುಖ ನೋಡಿಕೊಂಡರು. ಅವರ ಮನೆಯಲ್ಲಿ ಇನ್ನೂ ಯಾರೋ ಹಾಡುತ್ತಿದ್ದಿರಬೇಕು.

ಈ ಮಟ್ಟು ಕಲ್ಲಿನಿಂದ ಮುಂದೆ ಎಲ್ಲೆಲ್ಲಿಗೋ ನಡೆದಿದೆ. ಅಕ್ಕಮಹಾದೇವಿಯ ಹೆಸರಿನ ‘ಯೋಗಾಂಗ ತ್ರಿವಿಧಿ’ ಇದರಲ್ಲಿದೆ. ಸರ್ವಜ್ಞ ಇದನ್ನು ಜೋಳಿಗೆಯಲ್ಲಿ ಹಾಕಿಕೊಂಡು ಊರೂರು ಅಲೆದ. ಉತ್ತಂಗಿ ಚನ್ನಪ್ಪನವರು 1924ರಲ್ಲಿ ಆ ವಚನಗಳನ್ನು ಸಂಗ್ರಹಿಸಿ ಅಚ್ಚಿಗೆ ತಂದರು. ಹೆಂಗಸರು ಇದನ್ನು ಬೀಸುಕಲ್ಲಿನ ಮುಂದೆ ಉಳಿಸಿದರು. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವುದು ನಿಂತಿತು, ಬೀಸುವುದರ ಜೊತೆಗಿನ ಪದವೂ ನಿಲ್ಲತೊಡಗಿತು. ಅಜ್ಜಿ ಮತ್ತೆ ಕತ್ತಲಲ್ಲಿ ಎದ್ದು ಬೀಸಲಿ ಎಂದು ನಾನು ಹೇಳಲಾರೆ. ಅವಳ ಅಂಗೈಯ ಬೊಕ್ಕೆಗಳನ್ನು ನೋಡಿದವನು ನಾನು. ಆದರೆ ಶಾಸನವನ್ನು ಪಾಠ ಹೇಳುವ ಮೇಷ್ಟ್ರುಗಳು ಅದನ್ನು ಒಮ್ಮೆಯಾದರೂ ಹಾಡಿ ತೋರಿಸಬೇಕು. ಐದೂ ಪದ್ಯಗಳನ್ನು ಹೇಳಬೇಕು. ಆರನೆಯ ಗಣ ಬಂದಾಗ ಒಂದು ಕ್ಷಣ ನಿಂತು, ಕಲಿಗೆ ಆ ಮನುಷ್ಯ ಏನಾದ ಎಂದು ಮಕ್ಕಳನ್ನೇ ಕೇಳಬೇಕು.